ಬಿಸಿಲಿಗೆ ಬಾಡುವ ಬೆಳೆಗೆ ಕ್ಯಾಲ್ಸಿಯಂ: ಓದುಗರ ಪ್ರಶ್ನೆ, ನಮ್ಮ ಉತ್ತರ

ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಿಸಿಲಿನ ಹೊಡೆತದ ಕುರಿತಾದವು. ಕಾಯಿ ಕೊಳೆಯುತ್ತಿದೆ, ಹಣ್ಣು ಸೀಳುತ್ತಿದೆ, ಶೇಂಗಾ ಜಳ್ಳಾಗಿದೆ, ಅಂಗಡಿಯವರು ಕ್ಯಾಲ್ಸಿಯಂ ಹೊಡೆಯಿರಿ ಎನ್ನುತ್ತಾರೆ, ಹೊಡೆಯಬೇಕೆ ಎಂಬುದು ಎಲ್ಲರ ಪ್ರಶ್ನೆ. ಆಯ್ದ ಪತ್ರಗಳಿಗೆ ಒಟ್ಟಿಗೇ ಉತ್ತರಿಸಿದ್ದೇವೆ.

ಪ್ರಶ್ನೆ: ಎರೆ ಭೂಮಿಯಲ್ಲಿ ಒಂದು ಎಕರೆ ಟೊಮೆಟೊ ಇದೆ, ಡ್ರಿಪ್ ಹಾಕಿದ್ದೇನೆ. ಮಣ್ಣು ಪರೀಕ್ಷೆಯಲ್ಲಿ ರಸಸಾರ (pH) 8.2, ಕ್ಯಾಲ್ಸಿಯಂ ಬೇಕಾದಷ್ಟಿದೆ ಎಂದು ಬಂದಿದೆ. ಆದರೂ ಮಾರ್ಚ್ ಕೊನೆಯಿಂದ ನಿಂಬೆಹಣ್ಣಿನ ಗಾತ್ರದ ಕಾಯಿಗಳ ಕೆಳತುದಿ ಕಪ್ಪಾಗಿ ಒಳಸರಿಯುತ್ತಿದೆ. ಅಂಗಡಿಯವರು ಕ್ಯಾಲ್ಸಿಯಂ ಕೊರತೆ ಎನ್ನುತ್ತಾರೆ. ಯಾರ ಮಾತು ನಂಬಲಿ?
— ಹಿರಿಯೂರು ತಾಲ್ಲೂಕಿನ ರೈತರು

ಉತ್ತರ: ಇಬ್ಬರ ಮಾತೂ ನಿಜ. ಮಣ್ಣಿನಲ್ಲಿ ಕ್ಯಾಲ್ಸಿಯಂ ಇದೆ, ಕಾಯಿಯ ತುದಿಯಲ್ಲಿ ಇಲ್ಲ. ನಡುವಿನ ದಾರಿಯಲ್ಲಿ ಏನಾಗಿದೆ ಎಂದು ನೋಡಬೇಕು.

ಸಾರಜನಕ, ಪೊಟ್ಯಾಷ್ ಗಿಡದೊಳಗೆ ಬೇಕಾದ ಕಡೆ ಓಡಾಡುತ್ತವೆ. ಹಳೆ ಎಲೆಯಿಂದ ಹೊರಟು ಹೊಸ ಚಿಗುರಿಗೂ ಹೋಗುತ್ತವೆ. ಕ್ಯಾಲ್ಸಿಯಂ ಹಾಗಲ್ಲ. ಬೇರಿನಿಂದ ಮೇಲೇರುವ ನೀರಿನ ಜೊತೆ ಮಾತ್ರ ಸಾಗುತ್ತದೆ, ಒಮ್ಮೆ ಎಲೆಗೆ ಸೇರಿದರೆ ಅಲ್ಲಿಂದ ವಾಪಸ್ ಬರುವುದಿಲ್ಲ. ಹಾಗಾಗಿ ನೀರನ್ನು ಹೆಚ್ಚು ಆವಿ ಮಾಡುವ ಭಾಗಕ್ಕೆ ಹೆಚ್ಚು ಪಾಲು ಸಿಗುತ್ತದೆ. 38 ಡಿಗ್ರಿ ಬಿಸಿಲಲ್ಲಿ, ಒಣಗಾಳಿಯಲ್ಲಿ ಎಲೆಗಳು ನೀರನ್ನೆಲ್ಲ ತಮ್ಮತ್ತ ಎಳೆದುಕೊಳ್ಳುತ್ತವೆ. ಟೊಮೆಟೊ ಕಾಯಿಯ ಸಿಪ್ಪೆಯಲ್ಲಿ ಎಲೆಯಲ್ಲಿರುವಂಥ ಪತ್ರರಂಧ್ರಗಳಿಲ್ಲ, ಅದು ಆವಿ ಮಾಡುವುದು ಅತ್ಯಲ್ಪ. ಅದೇ ಹೊತ್ತಿಗೆ ಬಿಸಿಗೆ ಕಾಯಿ ಬೇಗ ಬೇಗ ಉಬ್ಬುತ್ತಿರುತ್ತದೆ. ಬೆಳವಣಿಗೆ ಜೋರು, ಪೂರೈಕೆ ಕಡಿಮೆ. ತೊಟ್ಟಿನಿಂದ ಅತಿ ದೂರದಲ್ಲಿರುವ ತುದಿಯೇ ಮೊದಲು ಸೊರಗಿ ಸಾಯುತ್ತದೆ.

ಮೊದಲು ರೋಗವಲ್ಲ ಎಂದು ಖಚಿತ ಮಾಡಿಕೊಳ್ಳಿ. ಒಂದು ಕಾಯಿಯನ್ನು ತೊಟ್ಟಿನಿಂದ ತುದಿಯವರೆಗೆ ಉದ್ದಕ್ಕೆ ಕೊಯ್ದು ನೋಡಿ. ಕಲೆ ತುದಿಯಲ್ಲೇ ಇದ್ದು, ಒಣಗಿದ ಚರ್ಮದಂತೆ ಗಟ್ಟಿಯಾಗಿದ್ದು, ವಾಸನೆಯಿಲ್ಲದಿದ್ದರೆ ಅದು ಕ್ಯಾಲ್ಸಿಯಂ ಸಾಲದ ತುದಿ ಕೊಳೆ. ಕೆಲವು ಕಾಯಿಗಳಲ್ಲಿ ಹೊರಗೆ ಏನೂ ಕಾಣದೆ ಒಳಗಿನ ತಿರುಳು ಮಾತ್ರ ಕಂದಿರುತ್ತದೆ, ಅದೂ ಇದೇ. ನೆಲಕ್ಕೆ ತಾಗಿದ ಕಾಯಿಯಲ್ಲಿ ಉಂಗುರ ಉಂಗುರವಾಗಿ ಕಂದು ಪಟ್ಟೆಗಳಿದ್ದರೆ ಅದು ಶಿಲೀಂಧ್ರದಂಥ ರೋಗಾಣುವಿನ ಕೊಳೆ, ಅದಕ್ಕೆ ಮದ್ದು ಬೇರೆ.

ಇನ್ನು ನೀರು. ತುಂಬಿ ನಿಂತ ಟೊಮೆಟೊ ಬೆಳೆಗೆ ಆ ಬಿಸಿಲಲ್ಲಿ ದಿನಕ್ಕೆ 5ರಿಂದ 6 ಮಿಲಿಮೀಟರ್, ಅಂದರೆ ಎಕರೆಗೆ 20,000ದಿಂದ 24,000 ಲೀಟರ್ ಬೇಕು. ಮೂರು ದಿನಕ್ಕೊಮ್ಮೆ ಒಟ್ಟಿಗೆ ಬಿಡುವುದೇ ಎರೆ ಭೂಮಿಯಲ್ಲಿ ಆಗುವ ದೊಡ್ಡ ತಪ್ಪು. ಮೊದಲ ದಿನ ಮಣ್ಣಿನ ಗಾಳಿಯೆಲ್ಲ ಹೋಗಿ ಬೇರು ಉಸಿರುಗಟ್ಟುತ್ತದೆ, ಮೂರನೆಯ ದಿನ ನೆಲ ಬಿರಿದು ಎಳೆ ಬೇರು ಹರಿಯುತ್ತದೆ. ಕ್ಯಾಲ್ಸಿಯಂ ಹೀರುವುದು ಮುಖ್ಯವಾಗಿ ಬೇರಿನ ಎಳೆಯ ತುದಿಗಳೇ. ಆದ್ದರಿಂದ ದಿನವೂ, ಸಾಧ್ಯವಾದರೆ ಎರಡು ಕಂತಿನಲ್ಲಿ ಬಿಡಿ. ತ್ರೀಫೇಸ್ ಕರೆಂಟ್ ರಾತ್ರಿ ಬರುವ ಊರುಗಳಲ್ಲಿ ರಾತ್ರಿ ನೀರು ಬಿಡಬೇಕಾಯಿತಲ್ಲ ಎಂದು ಕೊರಗಬೇಡಿ. ರಾತ್ರಿ ಎಲೆಗಳ ಎಳೆತ ನಿಂತಾಗ ಬೇರಿನ ಒತ್ತಡವೇ ನೀರನ್ನು ಮೇಲಕ್ಕೆ ತಳ್ಳುತ್ತದೆ, ಆಗ ಕಾಯಿಗೂ ಎಳೆ ಸುಳಿಗೂ ಕ್ಯಾಲ್ಸಿಯಂ ಪಾಲು ಸಿಗುತ್ತದೆ. ಬೆಳಗ್ಗೆ ಎಲೆಯಂಚಿನಲ್ಲಿ ಮಣಿಯಂತೆ ನೀರ ಹನಿ ಕಂಡರೆ ಆ ಕೆಲಸ ನಡೆದಿದೆ ಎಂದರ್ಥ.

ಗೊಬ್ಬರದಲ್ಲಿ ಎರಡನ್ನು ತಡೆಯಿರಿ. ಯೂರಿಯಾ, ಅಮೋನಿಯಂ ಸಲ್ಫೇಟ್ ಕೊಟ್ಟಾಗ ಬರುವ ಅಮೋನಿಯಂ ರೂಪದ ಸಾರಜನಕ ಬೇರಿನ ಬಾಗಿಲಲ್ಲೇ ಕ್ಯಾಲ್ಸಿಯಂಗೆ ಪೈಪೋಟಿ ಕೊಡುತ್ತದೆ. ಪೊಟ್ಯಾಷ್ ಅತಿಯಾದರೂ ಹಾಗೆಯೇ. ಕಾಯಿ ಕಟ್ಟುವ ಮೂರು ವಾರ ಸಾರಜನಕವನ್ನು ನೈಟ್ರೇಟ್ ರೂಪದಲ್ಲೇ ಕೊಡಿ. ಕಪ್ಪು ಮಲ್ಚಿಂಗ್ ಹಾಳೆ ಹಾಕಿದ್ದರೆ ಅದರ ಮೇಲೆ ಹುಲ್ಲನ್ನಾದರೂ ಹರಡಿ, ಬೇಸಿಗೆಯಲ್ಲಿ ಕಪ್ಪು ಹಾಳೆ ಬೇರನ್ನು ಬೇಯಿಸುತ್ತದೆ. ಮುಂದಿನ ಸಲ ಬೆಳ್ಳಿಬಣ್ಣ ಮೇಲಿರುವ ಹಾಳೆ ತನ್ನಿ.

ಕೊಳೆತ ಕಾಯಿ ಸರಿಹೋಗುವುದಿಲ್ಲ, ಕಿತ್ತು ಹಾಕಿ. ಹೊಸದಾಗಿ ಕಚ್ಚಿದ ಕಾಯಿ ಶುದ್ಧವಾಗಿ ಬಂದರೆ ನಿಮ್ಮ ಕ್ರಮ ಫಲಿಸಿದೆ. ಅದು ಗೊತ್ತಾಗಲು ಎರಡು ಮೂರು ವಾರ ಬೇಕು.

ಪ್ರಶ್ನೆ: ಬಿಸಿಲು ಮತ್ತು ಚಳಿ ತಡೆಯಲು ಕ್ಯಾಲ್ಸಿಯಂ ಗಿಡಕ್ಕೆ ನಿಜವಾಗಿ ಹೇಗೆ ನೆರವಾಗುತ್ತದೆ? ಕಾಲೇಜಿನಲ್ಲಿ ಮಾಡಿ ನೋಡಬಹುದಾದ ಪ್ರಯೋಗ ಇದೆಯೇ?
— ಬಿ.ಎಸ್ಸಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಮೂರು ಕೆಲಸಗಳನ್ನು ಬೇರೆ ಬೇರೆಯಾಗಿ ನೋಡಿ.

ಮೊದಲನೆಯದು ಗೋಡೆ. ಜೀವಕೋಶಗಳ ನಡುವೆ ಪೆಕ್ಟಿನ್ ಎಂಬ ಅಂಟಿನ ಎಳೆಗಳಿವೆ. ಕ್ಯಾಲ್ಸಿಯಂ ಆ ಎಳೆಗಳನ್ನು ಒಂದಕ್ಕೊಂದು ಬೆಸೆದು, ಇಟ್ಟಿಗೆಗಳ ನಡುವಿನ ಗಾರೆಯಂತೆ ಬಿಗಿ ಹಿಡಿಯುತ್ತದೆ.

ಎರಡನೆಯದು ಪೊರೆ. ಜೀವಕೋಶವನ್ನು ಸುತ್ತಿದ ತೆಳು ಪೊರೆ ಕೊಬ್ಬಿನ ಪದಾರ್ಥದಿಂದ ಆದದ್ದು. ಬಿಸಿ ಹೆಚ್ಚಾದರೆ ಅದು ಸಡಿಲವಾಗುತ್ತದೆ, ಚಳಿಗೆ ಸೆಡೆತುಕೊಳ್ಳುತ್ತದೆ. ಎರಡೂ ಸಂದರ್ಭದಲ್ಲಿ ಸೋರುತ್ತದೆ, ಒಳಗಿನ ಪೊಟ್ಯಾಸಿಯಂ, ಸಕ್ಕರೆ ಹೊರಗೆ ಬರುತ್ತವೆ. ಕ್ಯಾಲ್ಸಿಯಂ ಪೊರೆಯ ಹೊರಮೈಯ ಫಾಸ್ಫೇಟ್ ಗುಂಪುಗಳನ್ನು ಹಿಡಿದು ಕಟ್ಟಿ ಈ ಸೋರಿಕೆ ತಗ್ಗಿಸುತ್ತದೆ.

ಮೂರನೆಯದು ಸುದ್ದಿ ಮುಟ್ಟಿಸುವುದು. ನಮಗೆ ಅತ್ಯಂತ ಕುತೂಹಲ ಹುಟ್ಟಿಸುವ ಭಾಗ ಇದೇ. ಜೀವಕೋಶದ ಒಳರಸದಲ್ಲಿ ಮುಕ್ತ ಕ್ಯಾಲ್ಸಿಯಂ ತೀರಾ ಕಡಿಮೆ, 100 ನ್ಯಾನೊಮೋಲಾರ್ ಆಸುಪಾಸು. ಹೊರಗಿನ ಗೋಡೆಯಲ್ಲೂ ಒಳಗಿನ ರಸಕೋಶದಲ್ಲೂ ಅದರ ಸಾವಿರಾರು ಪಟ್ಟು ಇರುತ್ತದೆ. ಗಿಡ ಬೇಕೆಂದೇ ಈ ಅಂತರ ಕಾಯ್ದುಕೊಂಡಿರುತ್ತದೆ. ಬಿಸಿ ಅಥವಾ ಚಳಿ ತಟ್ಟಿದೊಡನೆ ಪೊರೆಯಲ್ಲಿನ ಕಾಲುವೆಗಳು ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಸೆಕೆಂಡುಗಳಿಂದ ಕೆಲವೇ ನಿಮಿಷಗಳಲ್ಲಿ ನಡೆದುಹೋಗುವ ಕೆಲಸ ಇದು. ಕ್ಯಾಲ್ಮೊಡ್ಯುಲಿನ್ ಮುಂತಾದ ಪ್ರೋಟೀನುಗಳು ಅದನ್ನು ಹಿಡಿದು ಮುಂದಿನ ಸರಪಳಿ ಎಬ್ಬಿಸುತ್ತವೆ. ಬಿಸಿಯಾದರೆ ಉಷ್ಣಾಘಾತ ಪ್ರೋಟೀನುಗಳು ತಯಾರಾಗಿ, ಮುದುಡಿ ಕೆಡುವ ಇತರ ಪ್ರೋಟೀನುಗಳನ್ನು ಕಾಯುತ್ತವೆ. ಕೆಟಲೇಸ್, ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಕಿಣ್ವಗಳು ಹೆಚ್ಚಿ, ಬಿಸಿಲಿಗೆ ಹುಟ್ಟುವ ವಿಷಕಾರಿ ಆಮ್ಲಜನಕ ರೂಪಗಳನ್ನು ಅಡಗಿಸುತ್ತವೆ. ಕೆಲಸ ಮುಗಿದ ಮೇಲೆ ಪಂಪುಗಳು ಕ್ಯಾಲ್ಸಿಯಂ ಅನ್ನು ಮತ್ತೆ ಹೊರಗೆ ತಳ್ಳುತ್ತವೆ.

ಪ್ರಯೋಗ ಹೀಗೆ ಮಾಡಿ. ಕುಂಡದಲ್ಲಿ ಬೆಳೆದ ಟೊಮೆಟೊ ಸಸಿಗಳಲ್ಲಿ ಅರ್ಧಕ್ಕೆ ಬರೀ ಭಟ್ಟಿ ಇಳಿಸಿದ ನೀರು, ಉಳಿದರ್ಧಕ್ಕೆ 10 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಸಿಂಪಡಿಸಿ. ಡೈಹೈಡ್ರೇಟ್ ಆದರೆ ಲೀಟರಿಗೆ 1.47 ಗ್ರಾಂ. ಎರಡು ದಿನ ಬಿಟ್ಟು ಒಂದೇ ವಯಸ್ಸಿನ ಎಲೆಗಳಿಂದ 1 ಸೆಂ.ಮೀ. ಅಗಲದ ಬಿಲ್ಲೆಗಳನ್ನು ಕತ್ತರಿಸಿ, ಮೂರು ಸಲ ಭಟ್ಟಿ ಇಳಿಸಿದ ನೀರಲ್ಲಿ ತೊಳೆಯಿರಿ. ತೊಳೆಯದಿದ್ದರೆ ಎಲೆ ಮೇಲೆ ಉಳಿದ ಉಪ್ಪೇ ಅಳತೆಗೆ ಸೇರಿ ಫಲಿತಾಂಶ ತಲೆಕೆಳಗಾಗುತ್ತದೆ. 10 ಬಿಲ್ಲೆಗೆ 20 ಮಿ.ಲೀ. ನೀರಿನಂತೆ ಪ್ರನಾಳಕ್ಕೆ ಹಾಕಿ 45 ಡಿಗ್ರಿ ಬಿಸಿನೀರ ತೊಟ್ಟಿಯಲ್ಲಿ 30 ನಿಮಿಷ ಇಡಿ. ತಣಿದ ಮೇಲೆ ಇಸಿ ಮೀಟರಿನಲ್ಲಿ ವಿದ್ಯುತ್ ವಾಹಕತೆ ಅಳೆಯಿರಿ. ನಂತರ ಅದೇ ಪ್ರನಾಳವನ್ನು ಕುದಿನೀರಲ್ಲಿ 15 ನಿಮಿಷ ಇಟ್ಟು, ತಣಿಸಿ, ಮತ್ತೊಮ್ಮೆ ಅಳೆಯಿರಿ. ಮೊದಲ ಅಳತೆಯನ್ನು ಎರಡನೆಯದರಿಂದ ಭಾಗಿಸಿ 100ರಿಂದ ಗುಣಿಸಿದರೆ ಸೋರಿಕೆಯ ಶೇಕಡಾವಾರು ಸಿಗುತ್ತದೆ. ಪ್ರತಿ ಗುಂಪಿಗೂ ಕನಿಷ್ಠ ನಾಲ್ಕು ಪ್ರನಾಳ ಇರಲಿ, ಬಿಸಿ ಮಾಡದ ಒಂದು ಜೊತೆಯೂ ಇರಲಿ.

ಒಂದು ಮಿತಿ ನೆನಪಿಡಿ. ಟೊಮೆಟೊದಲ್ಲಿ ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 24ಕ್ಕಿಂತ ಕೆಳಗೆ ಇಳಿಯದಿದ್ದರೆ ಪರಾಗ ಸತ್ವ ಕಳೆದುಕೊಂಡು ಹೂ ಉದುರುತ್ತದೆ. ಪರಾಗನಾಳ ಬೆಳೆಯಲು ಕ್ಯಾಲ್ಸಿಯಂ ಬೇಕೇ ಬೇಕು. ಆದರೆ ಸತ್ತ ಪರಾಗವನ್ನು ಯಾವ ಸಿಂಪಡಣೆಯೂ ಬದುಕಿಸದು.

ಪ್ರಶ್ನೆ: ಕ್ಯಾಲ್ಸಿಯಂ ನೈಟ್ರೇಟ್, ಕ್ಯಾಲ್ಸಿಯಂ ಕ್ಲೋರೈಡ್, ಚಿಲೇಟೆಡ್ ಕ್ಯಾಲ್ಸಿಯಂ (ಸಾವಯವ ಅಣುವಿನಲ್ಲಿ ಹಿಡಿದಿಟ್ಟ ಕ್ಯಾಲ್ಸಿಯಂ), ಇವುಗಳಲ್ಲಿ ಯಾವುದು ಒಳ್ಳೆಯದು? ಎಷ್ಟು ಹಾಕಬೇಕು? ಹೋದ ವರ್ಷ ಡ್ರಿಪ್ಪಿಗೆ ಬಿಟ್ಟಾಗ ಹನಿಕೆಗಳೆಲ್ಲ ಕಟ್ಟಿಕೊಂಡವು.
— ಚಳ್ಳಕೆರೆ ತಾಲ್ಲೂಕಿನ ತರಕಾರಿ ಬೆಳೆಗಾರರು

ಉತ್ತರ: ಹನಿಕೆ ಕಟ್ಟಿಕೊಂಡಿದ್ದರ ಕಾರಣದಿಂದಲೇ ಶುರು ಮಾಡೋಣ. ಕ್ಯಾಲ್ಸಿಯಂ ನೈಟ್ರೇಟಿನ ಜೊತೆ 19:19:19, 12:61:0 ಅಥವಾ 0:52:34 ಗೊಬ್ಬರ (ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷಿನ ಶೇಕಡಾವಾರು) ಕರಗಿಸಿದರೆ ರಂಜಕ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಬಿಳಿ ಗಸಿಯಾಗುತ್ತದೆ. ಮೆಗ್ನೀಸಿಯಂ ಸಲ್ಫೇಟ್, ಅಮೋನಿಯಂ ಸಲ್ಫೇಟ್ ಅಥವಾ ಪೊಟ್ಯಾಸಿಯಂ ಸಲ್ಫೇಟ್ ಸೇರಿಸಿದರೆ ತೊಟ್ಟಿಯಲ್ಲೇ ಜಿಪ್ಸಂ ತಯಾರಾಗುತ್ತದೆ. ಕ್ಯಾಲ್ಸಿಯಂ ನೈಟ್ರೇಟನ್ನು ಒಂಟಿಯಾಗಿ ಬಿಡಿ, ಉಳಿದ ಗೊಬ್ಬರಕ್ಕೆ ಬೇರೆ ದಿನ ಇಡಿ. ಅನುಮಾನವಿದ್ದರೆ ನಿಮ್ಮದೇ ಬೋರ್ ನೀರನ್ನು ಒಂದು ಲೀಟರ್ ಗಾಜಿನ ಬಾಟಲಿಗೆ ಹಾಕಿ, ಅದೇ ಪ್ರಮಾಣದಲ್ಲಿ ಗೊಬ್ಬರ ಕರಗಿಸಿ ಅರ್ಧ ಗಂಟೆ ಇಡಿ. ಹಾಲಿನಂತೆ ಕದಡಿದರೆ ಅಥವಾ ತಳದಲ್ಲಿ ಗಸಿ ಕೂತರೆ ಅದನ್ನು ಪೈಪಿಗೆ ಬಿಡಬಾರದು.

ಡ್ರಿಪ್ಪಿಗೆ: ಹೂ ಕಾಣಿಸಿದಂದಿನಿಂದ ವಾರಕ್ಕೊಮ್ಮೆ ಎಕರೆಗೆ 3ರಿಂದ 5 ಕೆ.ಜಿ. ಕ್ಯಾಲ್ಸಿಯಂ ನೈಟ್ರೇಟ್, 50 ಲೀಟರ್ ನೀರಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ. ಮೊದಲು ಹತ್ತು ನಿಮಿಷ ಬರಿ ನೀರು, ನಂತರ ಗೊಬ್ಬರ, ಕೊನೆಗೆ ಲ್ಯಾಟರಲ್ ತೊಳೆಯುವಂತೆ 15–20 ನಿಮಿಷ ಬರಿ ನೀರು. ಇದರಲ್ಲಿ ಸಾರಜನಕ ಶೇ 15.5 ಇದೆ, ಅಷ್ಟನ್ನು ಬೇರೆ ಗೊಬ್ಬರದ ಲೆಕ್ಕದಲ್ಲಿ ಕಳೆಯಿರಿ.

ಈ 5 ಕೆ.ಜಿ.ಯಿಂದ ಸಿಗುವ ಕ್ಯಾಲ್ಸಿಯಂ ಸುಮಾರು 930 ಗ್ರಾಂ. ನಿಮ್ಮ ಬೋರ್ ನೀರಲ್ಲಿ ಲೀಟರಿಗೆ 80 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದು, ದಿನಕ್ಕೆ 20,000 ಲೀಟರ್ ಬಿಟ್ಟರೆ ಒಂದೇ ದಿನದಲ್ಲಿ 1.6 ಕೆ.ಜಿ. ಹೊಲಕ್ಕೆ ಬಂತು. ಬೈಕಾರ್ಬನೇಟ್ ಹೆಚ್ಚಿದ್ದರೆ ಅದರಲ್ಲೊಂದು ಪಾಲು ಸುಣ್ಣವಾಗಿ ಮಣ್ಣಲ್ಲೇ ಕೂರುತ್ತದೆ, ನಿಜ. ಆದರೂ ಗಡಸು ನೀರಿನ ಪ್ರದೇಶದಲ್ಲಿ ಮೂಟೆಗಟ್ಟಲೆ ಕ್ಯಾಲ್ಸಿಯಂ ಸುರಿಯುವ ಮೊದಲು ನೀರಿನ ಪರೀಕ್ಷೆ ಮಾಡಿಸಿ. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ದಾವಣಗೆರೆ ಕಡೆಯವರು ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಬಹುದು.

ಸಿಂಪಡಣೆಗೆ: ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ 5ರಿಂದ 8 ಗ್ರಾಂ. ಕ್ಯಾಲ್ಸಿಯಂ ಕ್ಲೋರೈಡ್ ಆದರೆ 5 ಗ್ರಾಂ, ಬಿಸಿಲು ತೀರಾ ಹೆಚ್ಚಿದ್ದರೆ 3 ಗ್ರಾಂ ಸಾಕು. ಹೆಚ್ಚಿಸಿದರೆ ಎಲೆಯಂಚು ಸುಡುತ್ತದೆ. ಹತ್ತು ದಿನಕ್ಕೊಮ್ಮೆ ಮೂರು ಸಲ. ಕಾಯಿ ಗೋಲಿ ಗಾತ್ರದಲ್ಲಿದ್ದಾಗ ಕಾಯಿಗೇ ತಾಗುವಂತೆ ಹೊಡೆಯಿರಿ. ಎಲೆಗೆ ಬಿದ್ದದ್ದು ಎಲೆಯಲ್ಲೇ ಉಳಿಯುತ್ತದೆ, ಕಾಯಿಗೆ ಇಳಿಯುವುದಿಲ್ಲ. ಕಾಯಿ ದೊಡ್ಡದಾಗಿ ಸಿಪ್ಪೆ ಮೇಣಗಟ್ಟಿದ ಮೇಲೆ ಹೊಡೆದದ್ದೆಲ್ಲ ವ್ಯರ್ಥ. ಎಲೆ ತೋಯಿಸುವ ಅಂಟು ದ್ರಾವಣ ಲೀಟರಿಗೆ ಅರ್ಧ ಮಿ.ಲೀ. ಸೇರಿಸಿ. ಸಂಜೆ ಐದರ ಮೇಲೆ ಹೊಡೆಯಲು ಹೇಳುವುದಕ್ಕೂ ಕಾರಣವಿದೆ. ಉಪ್ಪು ದ್ರವರೂಪದಲ್ಲಿದ್ದರೆ ಮಾತ್ರ ಒಳಹೋಗುತ್ತದೆ. ಕ್ಯಾಲ್ಸಿಯಂ ನೈಟ್ರೇಟ್ ಒದ್ದೆಯಾಗಿ ಉಳಿಯಲು ಗಾಳಿಯಲ್ಲಿ ಶೇ 50ಕ್ಕಿಂತ ಹೆಚ್ಚು ತೇವ ಬೇಕು, ಕ್ಲೋರೈಡಿಗೆ ಶೇ 33ರಷ್ಟಾದರೂ ಸಾಕು. ಏಪ್ರಿಲ್ ಮಧ್ಯಾಹ್ನ ಚಳ್ಳಕೆರೆಯ ಗಾಳಿಯಲ್ಲಿ ನೈಟ್ರೇಟ್ ಎಲೆಯ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ, ಅಷ್ಟೆ.

ಚಿಲೇಟೆಡ್ ಪುಡಿಯ ಲೇಬಲ್ ಓದಿ. ಶೇ 10 ಕ್ಯಾಲ್ಸಿಯಂ ಇರುವುದನ್ನು ಲೀಟರಿಗೆ ಅರ್ಧ ಗ್ರಾಂ ಹಾಕಿದರೆ ಸಿಗುವುದು 50 ಮಿಲಿಗ್ರಾಂ. 5 ಗ್ರಾಂ ನೈಟ್ರೇಟಿನಲ್ಲಿ 930 ಮಿಲಿಗ್ರಾಂ ಇದೆ. ಕೆಲವು ಡಬ್ಬಿಗಳ ಮೇಲೆ ಕ್ಯಾಲ್ಸಿಯಂ ಆಕ್ಸೈಡ್ ಶೇ 26 ಎಂದಿರುತ್ತದೆ, ಅದನ್ನು 0.715ರಿಂದ ಗುಣಿಸಿದರೆ ನಿಜವಾದ ಕ್ಯಾಲ್ಸಿಯಂ, ಶೇ 18.5 ಚಿಲ್ಲರೆ. ಒಂದು ಗ್ರಾಂ ಕ್ಯಾಲ್ಸಿಯಂಗೆ ಎಷ್ಟು ದುಡ್ಡು ಬಿತ್ತು ಎಂದು ಲೆಕ್ಕ ಹಾಕಿ ಕೊಳ್ಳಿ. ನಮ್ಮ ಅಭಿಪ್ರಾಯದಲ್ಲಿ ಹೊಲದ ಬೆಳೆಗೆ ನೈಟ್ರೇಟ್ ಮತ್ತು ಕ್ಲೋರೈಡ್ ಸಾಕು.

ಪ್ರಶ್ನೆ: ಬೇಸಿಗೆ ಶೇಂಗಾ ಗಿಡ ಹಸಿರಾಗಿ ಚೆನ್ನಾಗಿತ್ತು. ಕಿತ್ತರೆ ಅರ್ಧಕ್ಕರ್ಧ ಜಳ್ಳು. ಮಣ್ಣು ಕೆಂಪು ಮಸಾರಿ. ಬಿಸಿಲಿಗೆ ಹೀಗಾಯಿತೆ, ಗೊಬ್ಬರ ಕಡಿಮೆಯಾಯಿತೆ?
— ಮೊಳಕಾಲ್ಮುರು ತಾಲ್ಲೂಕಿನ ರೈತರು

ಉತ್ತರ: ಉಳಿದ ಕಾಯಿಗಳಲ್ಲಿ ಹತ್ತಿಪ್ಪತ್ತು ಒಡೆದು, ಬೀಜವನ್ನು ಎರಡು ಬೇಳೆಯಾಗಿ ಬಿಡಿಸಿ ನೋಡಿ. ನಡುವಿನ ಪುಟ್ಟ ಮೊಳಕೆ ಕಂದು ಅಥವಾ ಕಪ್ಪಾಗಿದ್ದರೆ ಕ್ಯಾಲ್ಸಿಯಂ ಸಾಲದು. ಬೇಳೆಯ ಒಳಮೈಯಲ್ಲಿ ಕಂದುಬಣ್ಣದ ಕುಳಿ ಬಿದ್ದಿದ್ದರೆ ಬೋರಾನ್ ಸಾಲದು. ಎರಡೂ ಒಟ್ಟಿಗೆ ಇರುವುದೂ ಉಂಟು.

ಶೇಂಗಾ ಕಾಯಿ ನೆಲದೊಳಗಿದೆ, ನೀರನ್ನು ಆವಿ ಮಾಡುವುದೇ ಇಲ್ಲ. ಹಾಗಾಗಿ ಬೇರಿನಿಂದ ಹತ್ತಿದ ಕ್ಯಾಲ್ಸಿಯಂ ಎಲೆಗೆ ಹೋಗುತ್ತದೆಯೇ ಹೊರತು ಕಾಯಿಗೆ ಬರುವುದಿಲ್ಲ. ಕಾಯಿ ತನಗೆ ಬೇಕಾದದ್ದನ್ನು ಸುತ್ತಲಿನ ಮಣ್ಣಿನಿಂದ ತಾನೇ ಹೀರಬೇಕು. ಅದಕ್ಕೇ ಗಿಡ ಹಸಿರಾಗಿದ್ದೂ ಕಾಯಿ ಜಳ್ಳಾದದ್ದು. ಮೇಲಿನ ಐದಾರು ಸೆಂಟಿಮೀಟರ್ ಮಣ್ಣು ಒಣಗಿದರೆ, ಆಳದ ಬೇರಿಗೆ ನೀರು ಸಿಕ್ಕಿ ಗಿಡ ಬದುಕಿದರೂ, ಕಾಯಿಯ ಮಟ್ಟಿಗೆ ಕ್ಯಾಲ್ಸಿಯಂ ಬಂದ್. ಬೇಸಿಗೆ ಬಿಸಿಲು ಮಾಡುವ ಕೆಡುಕು ಇಲ್ಲಿದೆ.

ಎಕರೆಗೆ 200 ಕೆ.ಜಿ. ಜಿಪ್ಸಂ ಕೊಡಿ. ಹೂ ಬಂದು ಊಡು (ಹೂವಿನಿಂದ ನೆಲಕ್ಕಿಳಿದು ತುದಿಯಲ್ಲಿ ಕಾಯಿ ಕಟ್ಟುವ ಎಳೆ) ಇಳಿಯಲು ಶುರುವಾಗುವಾಗ, ಬಿತ್ತಿದ 30–35 ದಿನಕ್ಕೆ, ಸಾಲಿನ ಎರಡೂ ಬದಿ ಗಿಡದ ಬುಡಕ್ಕೆ ಬೀಳುವಂತೆ ಉದುರಿಸಿ. ಹಗುರವಾಗಿ ಎಡೆಕುಂಟೆ ಹೊಡೆದು ಮಣ್ಣು ಏರಿಸಿ, ಕೂಡಲೇ ನೀರು ಕೊಡಿ. ಬಿತ್ತನೆಗೆ ಮೊದಲೇ ಇಡೀ ಹೊಲಕ್ಕೆ ಎರಚಿ ಉತ್ತರೆ ಅದು ಕಾಯಿ ಕೂರುವ ಪದರಕ್ಕಿಂತ ಕೆಳಗೆ ಹೋಗುತ್ತದೆ, ಮಸಾರಿಯಲ್ಲಿ ನೀರಿನ ಜೊತೆ ಇನ್ನೂ ಕೆಳಕ್ಕೆ ಜಾರುತ್ತದೆ. 45 ದಿನ ದಾಟಿದ ಮೇಲೆ ಕುಂಟೆ ಹೊಡೆಯಬೇಡಿ, ಇಳಿದ ಊಡು ಕಿತ್ತುಬರುತ್ತದೆ. ಊಡು ಬಿಡುವಾಗ ಮೇಲುಗೊಬ್ಬರವೆಂದು ಪೊಟ್ಯಾಷ್ ಹಾಕುವುದೂ ತಪ್ಪು, ಕಾಯಿಯ ಪದರದಲ್ಲಿ ಅದು ಕ್ಯಾಲ್ಸಿಯಂಗೆ ಅಡ್ಡ ನಿಲ್ಲುತ್ತದೆ.

ಜಿಪ್ಸಂ ಬದಲು ಸುಣ್ಣದಕಲ್ಲಿನ ಪುಡಿ ಆಗದೆ? ಆಗದು. ಜಿಪ್ಸಂ ಲೀಟರ್ ನೀರಿಗೆ ಎರಡೂವರೆ ಗ್ರಾಂನಷ್ಟು ಕರಗುತ್ತದೆ, ಸುಣ್ಣದಕಲ್ಲು ಬಹುಪಾಲು ಹಾಗೆಯೇ ಕೂತಿರುತ್ತದೆ. ಜೊತೆಗೆ ಜಿಪ್ಸಂ ಎಣ್ಣೆಕಾಳಿಗೆ ಬೇಕಾದ ಗಂಧಕವನ್ನೂ ಕೊಡುತ್ತದೆ. ಊಡು ಇಳಿಯುವುದರಿಂದ ಕಾಯಿ ಬಲಿಯುವವರೆಗೆ ಮಸಾರಿಯಲ್ಲಿ ಐದರಿಂದ ಏಳು ದಿನಕ್ಕೊಮ್ಮೆ ತೆಳುವಾಗಿ ಸ್ಪ್ರಿಂಕ್ಲರ್ ನೀರು ಸಿಗಲೇಬೇಕು. ಅದು ಮೇಲ್ಮಣ್ಣಿನ ಕಾವನ್ನೂ ಇಳಿಸುತ್ತದೆ. ದಪ್ಪ ಬೀಜದ ತಳಿಗಳಿಗೆ ಟಿಎಂವಿ-2ರಂಥ ಸಣ್ಣ ಬೀಜದ ತಳಿಗಿಂತ ಹೆಚ್ಚು ಕ್ಯಾಲ್ಸಿಯಂ ಬೇಕು ಎಂಬುದೂ ತಳಿ ಆಯುವಾಗ ಲೆಕ್ಕದಲ್ಲಿರಲಿ.

ಪ್ರಶ್ನೆ: ಈರುಳ್ಳಿ ಎಲೆ ತುದಿ ಬೆಳ್ಳಗಾಗಿ ಒಣಗುತ್ತಿದೆ. ಕ್ಯಾಲ್ಸಿಯಂ ಕೊಡಲೆ?
— ಚಿತ್ರದುರ್ಗ ತಾಲ್ಲೂಕು

ಉತ್ತರ: ಮೊದಲು ಬಿಳಿ ಕಾಗದದ ಮೇಲೆ ನಾಲ್ಕೈದು ಗಿಡ ಕೊಡವಿ. ಹಳದಿ-ಕಂದು ಬಣ್ಣದ, ಸೂಜಿಮೊನೆಯಷ್ಟು ಹುಳುಗಳು ಓಡಾಡಿದರೆ ಥ್ರಿಪ್ಸ್. ಸುಳಿಯ ಎಲೆ ಸಂದಿಯನ್ನೂ ಬಿಡಿಸಿ ನೋಡಿ. ಬೇಸಿಗೆ ಈರುಳ್ಳಿಯಲ್ಲಿ ತುದಿ ಒಣಗಲು ಬಹುಪಾಲು ಇದೇ ಕಾರಣ. ಕ್ಯಾಲ್ಸಿಯಂಗೆ ಖರ್ಚು ಮಾಡಬೇಡಿ.

ಪ್ರಶ್ನೆ: ಹಸ್ತ ಬಹಾರದ (ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಹೂ ಬಿಡಿಸುವ) ದಾಳಿಂಬೆ ಮಾರ್ಚ್–ಏಪ್ರಿಲ್‌ನಲ್ಲಿ ಕೊಯ್ಲಿಗೆ ಬರುತ್ತದೆ. ಪಶ್ಚಿಮ ಬದಿಯ ಹಣ್ಣು ಸುಟ್ಟಂತೆ ಕಂದಾಗುತ್ತದೆ, ಒಂದು ಮಳೆ ಬಿದ್ದರೆ ಸೀಳುತ್ತದೆ. ಕ್ಯಾಲ್ಸಿಯಂ–ಬೋರಾನ್ ಹೊಡೆದರೂ ನಿಂತಿಲ್ಲ.
— ಹೊಸದುರ್ಗ ತಾಲ್ಲೂಕಿನ ಬೆಳೆಗಾರರು

ಉತ್ತರ: ನೀವು ಬರೆದದ್ದರಲ್ಲಿ ಎರಡು ತೊಂದರೆಗಳಿವೆ, ಒಂದೇ ಮದ್ದು ಎರಡಕ್ಕೂ ಸಾಲದು.

ಸುಡುವುದು ನೇರ ಬಿಸಿಲಿನಿಂದ. ಬಿಸಿಲಿಗೆ ಮುಖ ಮಾಡಿದ ಹಣ್ಣಿನ ಸಿಪ್ಪೆ ಸುತ್ತಲಿನ ಗಾಳಿಗಿಂತ ಹತ್ತು ಡಿಗ್ರಿಗೂ ಹೆಚ್ಚು ಕಾಯಬಹುದು. ಆ ಕಾವಿಗೆ ಕ್ಯಾಲ್ಸಿಯಂ ಎದುರು ನಿಲ್ಲಲಾರದು, ನೆರಳೇ ಬೇಕು. ಶೇ 35ರ ನೆರಳು ಪರದೆ ಒಳ್ಳೆಯದು. ಅಷ್ಟು ಬಂಡವಾಳ ಆಗದಿದ್ದರೆ ಕಯೋಲಿನ್ ಜೇಡಿಪುಡಿ ಲೀಟರಿಗೆ 50 ಗ್ರಾಂ ಸಿಂಪಡಿಸಿ, ಹದಿನೈದು ದಿನ ಬಿಟ್ಟು 25 ಗ್ರಾಂನಂತೆ ಮತ್ತೊಮ್ಮೆ. ತೊಟ್ಟಿಯನ್ನು ಕಲಕುತ್ತಲೇ ಇರಬೇಕು, ಇಲ್ಲವಾದರೆ ತಳಕ್ಕೆ ಕೂತು ನಾಜಲ್ ಕಟ್ಟುತ್ತದೆ. ಪಶ್ಚಿಮದ ಕೊಂಬೆಗಳನ್ನು ಸವರುವಾಗ ಹಣ್ಣಿನ ಮೇಲೆ ಎಲೆ ಮರೆ ಉಳಿಯುವಂತೆ ನೋಡಿಕೊಳ್ಳಿ.

ಸೀಳುವುದರಲ್ಲಿ ಮಾತ್ರ ಕ್ಯಾಲ್ಸಿಯಂಗೆ ಪಾತ್ರವಿದೆ. ಒಣಗಿದ ಮಣ್ಣಿಗೆ ಒಮ್ಮೆಲೆ ನೀರು ಬಿದ್ದರೆ ಒಳಗಿನ ಕಾಳು ಉಬ್ಬುತ್ತದೆ, ಬಿಸಿಲಿಗೆ ಗಡುಸಾದ ಸಿಪ್ಪೆ ಹಿಗ್ಗುವುದಿಲ್ಲ. ಸಿಪ್ಪೆಯ ಗೋಡೆ ಗಟ್ಟಿಯಾಗುವುದು ಹಣ್ಣು ಎಳೆಯದಿದ್ದಾಗ. ಹಾಗಾಗಿ ಕಾಯಿ ಕಚ್ಚಿದ ಒಂದೂವರೆ ತಿಂಗಳೊಳಗೆ ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ 5 ಗ್ರಾಂ ಎರಡು ಮೂರು ಸಲ, ನಡುವೆ ಬೇರೆ ದಿನ ಬೋರಿಕ್ ಆಮ್ಲ 2 ಗ್ರಾಂ. ಬೋರಾಕ್ಸನ್ನು ಕ್ಯಾಲ್ಸಿಯಂ ಜೊತೆ ಒಂದೇ ತೊಟ್ಟಿಗೆ ಹಾಕಬೇಡಿ, ಗಸಿ ಕಟ್ಟುತ್ತದೆ. ಹಣ್ಣು ಬಣ್ಣಕ್ಕೆ ತಿರುಗುವಾಗ ನೈಟ್ರೇಟ್ ಪೂರ್ತಿ ನಿಲ್ಲಿಸಿ. ಅದರ ಸಾರಜನಕಕ್ಕೆ ಹೊಸ ಚಿಗುರು ಬರುತ್ತದೆ, ಆ ಎಳಸು ಚಿಗುರಿಗೆ ದುಂಡಾಣು ಅಂಗಮಾರಿ ಸುಲಭವಾಗಿ ತಗಲುತ್ತದೆ. ಕೊನೆಯ ಒಂದೂವರೆ ತಿಂಗಳು ನೀರನ್ನು ಒಂದೇ ಸಮ ಕೊಟ್ಟರೆ ಮಳೆ ಬಂದಾಗಲೂ ಏರುಪೇರು ಸಣ್ಣದಾಗುತ್ತದೆ.

ಪ್ರಶ್ನೆ: ಅಡಿಕೆ ಮರದ ಕಾಂಡಕ್ಕೆ ಸುಣ್ಣ ಬಳಿಯುತ್ತೇವೆ. ಇದರಿಂದ ಮರಕ್ಕೆ ಕ್ಯಾಲ್ಸಿಯಂ ಸಿಗುತ್ತದೆಯೇ?
— ಚನ್ನಗಿರಿ ತಾಲ್ಲೂಕು

ಉತ್ತರ: ಸಿಗುವುದಿಲ್ಲ. ಆದರೂ ಬಳಿಯಿರಿ. ಸುಣ್ಣದ ಬಿಳುಪು ಬಿಸಿಲನ್ನು ಹಿಂದಕ್ಕೆ ಚಿಮ್ಮಿಸುತ್ತದೆ, ಅದೇ ಅದರ ಉಪಯೋಗ. ನವೆಂಬರಿನಿಂದ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಮಧ್ಯಾಹ್ನದ ಬಿಸಿಲು ನೈಋತ್ಯ ಬದಿಯ ಕಾಂಡಕ್ಕೆ ನೇರ ಬೀಳುತ್ತದೆ. ಮೊದಲು ಹೊನ್ನಿನ ಬಣ್ಣದ ಕಲೆ, ನಂತರ ಕಂದು, ಆಮೇಲೆ ಬಿರುಕು. ಕೆಲವು ವರ್ಷಗಳಲ್ಲಿ ಗಾಳಿಗೆ ಮರ ಅಲ್ಲೇ ಮುರಿಯುತ್ತದೆ. ಒಂದು ಕೆ.ಜಿ. ಅರಳಿದ ಸುಣ್ಣಕ್ಕೆ ನಾಲ್ಕೈದು ಲೀಟರ್ ನೀರು, ಸ್ವಲ್ಪ ಅಂಟು ಸೇರಿಸಿ ಅಕ್ಟೋಬರ್ ಕೊನೆಯೊಳಗೆ ದಕ್ಷಿಣ, ಪಶ್ಚಿಮ ಬದಿಗೆ ಬಳಿಯಿರಿ. ಎಳೆ ಮರಗಳಿಗೆ ಅಡಿಕೆ ಹಾಳೆ ಸುತ್ತಿ ಕಟ್ಟಿದರೂ ಆಗುತ್ತದೆ. ಬೇರಿಗೆ ಸುಣ್ಣ ಹಾಕುವ ಮಾತು ಬೇರೆ. ಮಣ್ಣು ಹುಳಿಯಾಗಿದ್ದರೆ ಮಾತ್ರ ಮರಕ್ಕೆ ಅರ್ಧ ಕೆ.ಜಿ., ಎರಡು ಮೂರು ವರ್ಷಕ್ಕೊಮ್ಮೆ. ರಸಸಾರ 7 ದಾಟಿದ್ದರೆ ಬೇಡವೇ ಬೇಡ, ಸತು, ಕಬ್ಬಿಣ ಸಿಗದೆ ಎಲೆ ಹಳದಿಯಾಗುತ್ತದೆ.

ಪ್ರಶ್ನೆ: ತಾರಸಿಯ ಮೇಲೆ ತೆಂಗಿನ ನಾರಿನ ಪುಡಿಯಲ್ಲಿ ಟೊಮೆಟೊ, ದೊಣ್ಣೆಮೆಣಸು ಬೆಳೆಸಿದ್ದೇನೆ. ಮೊಟ್ಟೆ ಚಿಪ್ಪಿನ ಪುಡಿ, ಎಲೆಅಡಿಕೆ ಸುಣ್ಣದ ತಿಳಿ ಹಾಕಿದರೆ ಬಿಸಿಲು ತಡೆದುಕೊಳ್ಳುತ್ತವೆಯೇ?
— ಗೃಹಿಣಿ, ವಿದ್ಯಾನಗರ, ದಾವಣಗೆರೆ

ಉತ್ತರ: ಮೊಟ್ಟೆ ಚಿಪ್ಪು ಬಹುತೇಕ ಕ್ಯಾಲ್ಸಿಯಂ ಕಾರ್ಬೊನೇಟ್, ಕರಗಲು ತಿಂಗಳುಗಟ್ಟಲೆ ಬೇಕು. ಕಾಂಪೋಸ್ಟಿಗೆ ಹಾಕಿ, ಈ ಬೇಸಿಗೆಗೆ ಅದನ್ನು ನಂಬಬೇಡಿ. ಸುಣ್ಣದ ತಿಳಿಯ ರಸಸಾರ 12ರ ಮೇಲೆ, ಎಲೆ ಬೇರು ಎರಡನ್ನೂ ಸುಡುತ್ತದೆ.

ನಾರಿನ ಪುಡಿಯಲ್ಲಿ ಇನ್ನೊಂದು ತೊಡಕಿದೆ. ಅದು ತನ್ನಲ್ಲಿರುವ ಪೊಟ್ಯಾಸಿಯಂ, ಸೋಡಿಯಂ ಬಿಟ್ಟುಕೊಟ್ಟು ನೀವು ಹಾಕಿದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಮುಂದಿನ ಸಲ ಐದು ಕೆ.ಜಿ. ಇಟ್ಟಿಗೆಯನ್ನು ಮೊದಲು ಬರಿ ನೀರಲ್ಲಿ ಅರಳಿಸಿ ತೊಳೆಯಿರಿ. ನಂತರ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಲ್ಲಿ ಒಂದು ದಿನ ನೆನೆಸಿ, ಮತ್ತೆ ತೊಳೆದು ಬಳಸಿ. ಈಗಿರುವ ಕುಂಡಗಳಿಗೆ ಹತ್ತು ದಿನಕ್ಕೊಮ್ಮೆ ಲೀಟರಿಗೆ 1 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ ಬುಡಕ್ಕೆ ಹಾಕಿ. ಕಪ್ಪು ಕುಂಡಗಳಿಗೆ ಗೋಣಿಚೀಲ ಸುತ್ತಿ, ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಶೇ 50ರ ನೆರಳು ಬಲೆ ಇರಲಿ. ಬೇರು ಬೆಂದರೆ ಕ್ಯಾಲ್ಸಿಯಂ ಹೀರುವವರು ಯಾರು?

ಪ್ರಶ್ನೆ: ಬೇಸಿಗೆ ಭತ್ತಕ್ಕೆ ಡಿಸೆಂಬರ್ ಕೊನೆಗೆ ಸಸಿಮಡಿ ಮಾಡುತ್ತೇವೆ. ಚಳಿಗೆ ಸಸಿ ಹಳದಿಯಾಗಿ ಏಳುವುದೇ ಇಲ್ಲ. ಚಳಿಗೂ ಕ್ಯಾಲ್ಸಿಯಂ ಒಳ್ಳೆಯದು ಎಂದು ಕೇಳಿದ್ದೇವೆ.
— ಮಲೇಬೆನ್ನೂರು ಭಾಗದ ಭತ್ತದ ರೈತರು

ಉತ್ತರ: ತರಕಾರಿಯಾದರೆ ಹೌದು. ಟೊಮೆಟೊ, ಮೆಣಸಿನಕಾಯಿ, ಸೌತೆ ಇವು ರಾತ್ರಿ 12 ಡಿಗ್ರಿಯ ಸುತ್ತ ಇಳಿದರೆ ನಲುಗುತ್ತವೆ. ಚಳಿ ಜೋರಾಗುವ ಎರಡು ಮೂರು ದಿನ ಮೊದಲು ಲೀಟರಿಗೆ 5 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಸಿಂಪಡಿಸಿದರೆ ಪೊರೆ ಸೋರುವುದು ಕಡಿಮೆಯಾಗುತ್ತದೆ. ಚಳಿಗೆ ಬಾಡಿದ ಮೇಲೆ ಹೊಡೆದರೆ ಅಷ್ಟು ಗುಣ ಕಾಣದು.

ನಿಮ್ಮ ಸಸಿಮಡಿಯ ತೊಂದರೆ ಬೇರೆ. ತಣ್ಣಗಿನ ಮಣ್ಣಲ್ಲಿ ಬೇರು ಕೆಲಸ ಮಾಡದೆ ಸತು, ಸಾರಜನಕ ಎರಡೂ ಮೇಲೇರುವುದಿಲ್ಲ. ಸಂಜೆ ಮಡಿಗೆ ನೀರು ನಿಲ್ಲಿಸಿ, ರಾತ್ರಿ ಅದು ಮಣ್ಣಿನ ಕಾವು ಹಿಡಿದಿಡುತ್ತದೆ. ಬೆಳಗ್ಗೆ ಆ ತಣ್ಣೀರನ್ನು ಬಸಿದು, ಬಿಸಿಲೇರಿದ ಮೇಲೆ ತೆಳುವಾಗಿ ಹೊಸ ನೀರು ಬಿಡಿ. ಯೂರಿಯಾ ಹೆಚ್ಚಿಸಿ ಹಸಿರು ತರಿಸಲು ಹೋಗಬೇಡಿ. ಎಲೆಯ ಬುಡ ಬಿಳಿಚಿಕೊಂಡು, ಮೇಲೆ ತುಕ್ಕಿನ ಚುಕ್ಕೆ ಕಂಡರೆ ಲೀಟರಿಗೆ 5 ಗ್ರಾಂ ಸತುವಿನ ಸಲ್ಫೇಟಿಗೆ ಎರಡೂವರೆ ಗ್ರಾಂ ಅರಳಿದ ಸುಣ್ಣ ಸೇರಿಸಿ ಸಿಂಪಡಿಸಿ. ಇಲ್ಲಿ ಸುಣ್ಣ ಹಾಕುವುದು ಕ್ಯಾಲ್ಸಿಯಂಗಾಗಿ ಅಲ್ಲ, ಸತುವಿನ ಸಲ್ಫೇಟಿನ ಹುಳಿಗೆ ಎಳೆ ಎಲೆ ಸುಡದಿರಲಿ ಎಂದು. ಎರಡನ್ನೂ ಬೇರೆ ಬೇರೆ ಬಕೆಟ್ಟಿನಲ್ಲಿ ಕರಗಿಸಿ, ಸುಣ್ಣದ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ, ಆಮೇಲೆ ಕಲಸಿ ಅಂದೇ ಹೊಡೆದು ಮುಗಿಸಿ.